ಆರನೇ ಗುಂಡಿಯ ಫೋಟೊ

ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಆರನೇ ಗುಂಡಿಯಲ್ಲಿ ಹಲಗೆಗಳಿದ್ದವು. ಹತ್ತು ಗಂಟೆಯೊಳಗೆ ಅದೇ ಗುಂಡಿ ಕುಸಿದು ಉದ್ದಣ್ಣ ಸತ್ತ. ಮೊದಲನೆಯದಕ್ಕೆ ಫೋಟೊ ಇತ್ತು. ಎರಡನೆಯದಕ್ಕೆ ಇರಲಿಲ್ಲ.

ಫೋಟೊ ತೆಗೆದವಳು ಅದೇ ಕೆಲಸದಲ್ಲಿ ಮಣ್ಣು ಹೊರುವ ಹೆಂಗಸು. ಎಲ್ಲರೂ ಅವಳನ್ನು ಫೋಟೊದಕ್ಕ ಎನ್ನುತ್ತಿದ್ದರು. ಉದ್ದಣ್ಣನ ಜೊತೆ ಗುಂಡಿಯಲ್ಲಿದ್ದು, ಕುತ್ತಿಗೆಯವರೆಗೆ ಹೂತು, ಬದುಕಿ ಬಂದವನು ಅವಳ ಗಂಡ.

ಕೆಲಸ, ಬೀದಿಯ ಅಡಿಯಲ್ಲಿ ಕೊಳಚೆ ಪೈಪು ಹೂಳುವುದು. ಹಳೇ ಪೈಪು ವರ್ಷಗಟ್ಟಲೆ ಸೋರಿ ಬೀದಿಯ ಮಣ್ಣು ನೆನೆದ ಬ್ರೆಡ್ಡಿನಂತಾಗಿತ್ತು. ಎರಡಾಳು ಆಳದ ಗುಂಡಿ. ಇಬ್ಬರು ಇಳಿದರೆ ಮೂರನೆಯವನಿಗೆ ಜಾಗವಿಲ್ಲ. ಗುದ್ದಲಿ ಎತ್ತಿದರೆ ಮೊಣಕೈ ಗೋಡೆಗೆ ತಾಗಿ ತರಚುತ್ತಿತ್ತು. ಕಾಲಡಿಯಲ್ಲಿ ಕಪ್ಪು ನೀರು. ಒಂದು ಗಂಟೆ ಒಳಗಿದ್ದು ಮೇಲೆ ಬಂದವನಿಗೆ ತನ್ನ ಬೆರಳೇ ತನ್ನದಲ್ಲ ಅನ್ನಿಸುತ್ತಿತ್ತು. ಬೀದಿಯ ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಕುಡಿಯಲು ನೀರು ಕೇಳಿದರೆ ಗೇಟಿನ ಒಳಗಿಂದಲೇ ಬಾಟಲಿ ಎಸೆದು, "ಬಾಟ್ಲಿ ವಾಪಸ್ ಕೊಡೋದು ಬೇಡ" ಎನ್ನುತ್ತಿದ್ದರು.

ಇಂಥ ಗುಂಡಿಯ ಎರಡೂ ಬದಿಗೆ ದಪ್ಪ ಹಲಗೆ ನಿಲ್ಲಿಸಿ, ನಡುವೆ ಕಬ್ಬಿಣದ ಜಾಕಿ ಕೊಟ್ಟು ಬಿಗಿದ ಮೇಲೆಯೇ ಆಳು ಇಳಿಯಬೇಕು. ಅದು ನಿಯಮ. ನಿಯಮ ಪಾಲಿಸಿದ್ದಕ್ಕೆ ಫೋಟೊ ಬೇಕು. ಅದನ್ನು ಕಂಪನಿಯ ಫೋನಿನಲ್ಲಿ, ಗುಂಡಿಯೊಳಗೆ ಇಳಿದೇ ತೆಗೆಯಬೇಕು. ತೆಗೆದ ಕೂಡಲೇ ಅದರ ಅಡಿಯಲ್ಲಿ ಜಾಗ, ತಾರೀಕು, ಗಂಟೆ ತಾವಾಗಿಯೇ ಮೂಡುತ್ತವೆ. ಅದನ್ನು ಯಾರೂ ತಿದ್ದುವಂತಿಲ್ಲ. ದೂರದ ಕಚೇರಿಯಲ್ಲಿ ಯಾರೋ ನೋಡಿ ಒಪ್ಪಿದರೆ ಫೋನು ಟಿಂಗ್ ಎಂದು ಹಸಿರು ಗುರುತು ತೋರಿಸುತ್ತದೆ. ಹಸಿರು ಬರದೆ ಪೈಪು ಇಳಿಸುವಂತಿಲ್ಲ.

ಬೀದಿಯಲ್ಲಿದ್ದ ಗುಂಡಿ ಏಳು. ಹಲಗೆ ಒಂದೇ ಜೊತೆ.

ಹಾಗಾಗಿ ಬೆಳಿಗ್ಗೆ ಮೊದಲ ಕೆಲಸ ಹಲಗೆಯ ಮೆರವಣಿಗೆ. ನಾಲ್ಕು ಆಳು ಹಲಗೆ ಹೊತ್ತು ಮೊದಲ ಗುಂಡಿಗೆ ಇಳಿಸುತ್ತಿದ್ದರು. ಜಾಕಿ ಬಿಗಿಯುತ್ತಿರಲಿಲ್ಲ, ಸುಮ್ಮನೆ ಒತ್ತಿ ನಿಲ್ಲಿಸುತ್ತಿದ್ದರು. ಫೋಟೊದಕ್ಕ ಏಣಿ ಇಳಿದು, ಕ್ಲಿಕ್ ಮಾಡಿ, ಮೇಲೆ ಬಂದು, "ಆಯ್ತು, ಎತ್ತಿ!" ಎಂದು ಕೂಗುತ್ತಿದ್ದಳು. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಹಲಗೆ ಹೆಗಲಿಗೇರಿ ಮುಂದಿನ ಗುಂಡಿಗೆ ಓಡುತ್ತಿತ್ತು. ಹಿಂದಿನ ಗುಂಡಿಗೆ ಹಸಿರು ಬಂದರೆ ಅಲ್ಲಿ ಆಳು ಇಳಿಯುತ್ತಿದ್ದರು. ಬರೀ ಮಣ್ಣಿನ ಗೋಡೆಗಳ ನಡುವೆ.

"ಇಡೀ ಮನೆಯೋರೆಲ್ಲ ಒಂದೇ ಅಂಗೀಲಿ ಒಬ್ಬೊಬ್ಬರಾಗಿ ಫೋಟೊ ತೆಗೆಸ್ಕೊಂಡಂಗಾಯ್ತು ನಮ್ಮ ಕಥೆ" ಎನ್ನುತ್ತಿದ್ದ ಉದ್ದಣ್ಣ. ಅವನು ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ತಗ್ಗಿಸಿ, ಬಾಗಿಲಿಲ್ಲದ ಕಡೆಯೂ ತಗ್ಗಿಸುವ ಎತ್ತರದ ಆಳು. "ಅಕ್ಕ, ನಂದೊಂದು ತೆಗಿ. ಹಲಗೆ ಹಿಂದೆ ನಿಂತ್ರೆ ಹೊಟ್ಟೆ ಕಾಣಲ್ಲ."

"ನಿಂಗೆ ಹೊಟ್ಟೆ ಇದ್ರೆ ತಾನೆ ಕಾಣೋಕೆ? ತಲೆ ಬರಲ್ಲ, ಕೂತ್ಕೊ" ಎನ್ನುತ್ತಿದ್ದಳು ಅವಳು.

ಫೋನು ಅವಳ ಕೈಗೆ ಬಂದದ್ದು ಎಂಜಿನಿಯರಿನಿಂದ. ಅವಳ ತಮ್ಮನ ವಯಸ್ಸಿನ ಹುಡುಗ, ಕೆಲಸಕ್ಕೆ ಹೊಸಬ. ಫೋಟೊ ತೆಗೆಯುವುದು ಅವನ ಕೆಲಸ. ಮೊದಲ ದಿನ ಗುಂಡಿಗಿಳಿದು, ಏಣಿಯ ಮೇಲೇ ವಾಂತಿ ಮಾಡಿಕೊಂಡ. ಕೆಳಗಿದ್ದವಳು ಇವಳೇ. ಅವನ ಶೂ ತೊಳೆದು, ಬೆನ್ನು ನೀವಿ, ನೀರು ಕುಡಿಸಿದಳು. ಮಾರನೆಯ ದಿನ ಅವನು ಫೋನನ್ನು ಅವಳ ಮುಖದ ಮುಂದೆ ಹಿಡಿದ. ಆಮೇಲೆ ಅದು ಅವಳ ಮುಖಕ್ಕೇ ತೆರೆಯತೊಡಗಿತು. ಮುಖದಲ್ಲಿ ಮಣ್ಣಿದ್ದರೆ ತೆರೆಯುತ್ತಿರಲಿಲ್ಲ. ಫೋಟೊಗೆ ಮುಂಚೆ ಅವಳು ಮುಖ ತೊಳೆಯುವುದನ್ನು ಕಂಡು ಆಳುಗಳು, "ಫೋಟೊದಕ್ಕನ್ನ ಹೆಣ್ಣು ನೋಡೋಕೆ ಬರ್ತಿದಾರೆ" ಎಂದು ರೇಗಿಸುತ್ತಿದ್ದರು.

"ಅಕ್ಕ, ಈ ಫೋನ್ ಕೈಲಿದ್ರೆ ನೀವು ಬರೀ ಮಣ್ಣು ಹೊರೋರಲ್ಲ. ಕಂಪನಿ ಮನುಷ್ಯರು" ಎಂದಿದ್ದ ಎಂಜಿನಿಯರ್.

ಆ ಮಾತನ್ನು ಅವಳು ಮನೆಗೆ ಒಯ್ದು ಗಂಡನಿಗೆ ಹೇಳಿದಳು. ಅವನು ಪೈಪಿನ ಕೀಲು ಕೂಡಿಸುವವನು. "ಹಂಗಾದ್ರೆ ಕಂಪನಿ ಮನುಷ್ಯರೇ, ಆ ಬೆನ್ನಿಗೊಂಚೂರು ಎಣ್ಣೆ ಹಚ್ಚಿ" ಎಂದ.

ಎಂಜಿನಿಯರಿನ ತಾಯಿಗೆ ಆಪರೇಷನ್ ಆದ ದಿನ ಅವನು ಪೈಪಿನ ಮೇಲೆ ಕುಳಿತು ಅತ್ತಿದ್ದ. ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡವಳು ಇವಳೇ. ಒಮ್ಮೆ ಅವಳು ಬಾಯಿಬಿಟ್ಟೇ ಕೇಳಿದಳು:

"ಸಾರ್, ಒಂದೇ ಜೊತೆ ಹಲಗೆ ಇಟ್ಕೊಂಡು ಹಿಂಗೆ ಮಾಡೋದು ಸರೀನಾ? ಗೋಡೆ ಬೆವರ್ತಾ ಇದೆ."

"ಬೇರೆ ಹಲಗೆ ಕೇಳಿದೀನಿ ಅಕ್ಕ. ಬರ್ತಿದೆ. ನಾನಿದೀನಲ್ಲ."

ಅವಳು ನಂಬಿದಳು. ಅಕ್ಕ ಎಂದವನನ್ನು ನಂಬದೆ ಇನ್ಯಾರನ್ನು ನಂಬುವುದು?

ಆ ದಿನ ಆರನೇ ಗುಂಡಿಯ ಫೋಟೊ ಆಗಿ ಹಲಗೆ ಏಳನೆಯದಕ್ಕೆ ಹೋಗಿತ್ತು. ಆರನೆಯದಕ್ಕೆ ಹಸಿರು ಬಂತು. ಗುಂಡಿಯ ಅಂಚಿನಲ್ಲಿ ನಿಂತಿದ್ದ ಎಂಜಿನಿಯರ್, "ಬೇಗ ಬೇಗ, ಇಳೀರಿ" ಎಂದ. ಅವಳ ಗಂಡನೂ ಉದ್ದಣ್ಣನೂ ಇಳಿದರು. ಅವಳು ಏಳನೆಯದರ ಏಣಿಯ ಮೇಲಿದ್ದಳು. ಶಬ್ದ ದೊಡ್ಡದೇನಲ್ಲ. ಒದ್ದೆ ಮೂಟೆ ನೆಲಕ್ಕೆ ಹಾಕಿದಂತಿತ್ತು. ಬಂದು ನೋಡಿದರೆ ಗುಂಡಿ ಅರ್ಧ ತುಂಬಿತ್ತು. ಗಂಡನ ತಲೆ, ಒಂದು ಕೈ ಕಾಣುತ್ತಿದ್ದವು. ಉದ್ದಣ್ಣ ಬಗ್ಗಿ ಕೀಲಿಗೆ ಬೋಲ್ಟು ಹಾಕುತ್ತಿದ್ದ. ಅವನದೇನೂ ಕಾಣುತ್ತಿರಲಿಲ್ಲ.

ಗುದ್ದಲಿ ಹಾಕಿದರೆ ಯಾರ ತಲೆಗೆ ಬೀಳುತ್ತದೋ. ಎಲ್ಲರೂ ಕೈಯಲ್ಲೇ ಬಗೆದರು. ಅವಳ ಎರಡು ಉಗುರು ಕಿತ್ತು ಬಂದವು. ಗಂಡ ಕಿರುಚುತ್ತಿದ್ದ: "ಅವನನ್ನ ಮೊದ್ಲು! ನನ್ನ ಕಾಲ ಕೆಳಗಿದಾನೆ, ಅಲ್ಲಾಡ್ತಿದಾನೆ!" ಸ್ವಲ್ಪ ಹೊತ್ತಿನ ಮೇಲೆ ಕಿರುಚುವುದನ್ನು ನಿಲ್ಲಿಸಿದ. ಅಲ್ಲಾಡುವುದು ನಿಂತಿತ್ತು.

ಗಂಡನ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಕಿಟಕಿಯಿಂದ ಎರಡನೇ ಮಂಚ. ಅವನನ್ನು ಹೊರಳಿಸಲು ಮೂವರು ಬೇಕು. ಎಂಜಿನಿಯರ್ ಬಂದ. ಹಣ್ಣು ತಂದ. "ಏನೂ ಯೋಚನೆ ಮಾಡ್ಬೇಡಿ ಅಕ್ಕ, ನಾನಿದೀನಲ್ಲ" ಎಂದು ಹೋದ.

ಮಾರನೆಯ ದಿನ ಬಂದದ್ದು ಪೊಲೀಸು. ಮಂಚದ ಪಕ್ಕ ನಿಂತು, ಓದಿದ್ದನ್ನೇ ಓದಿ ಬೇಸತ್ತ ದನಿಯಲ್ಲಿ ಕಂಪನಿಯ ದೂರು ಓದಿದ. ಗುಂಡಿಗೆ ಕ್ರಮಪ್ರಕಾರ ಹಲಗೆ ಕೊಡಲಾಗಿತ್ತು. ಒಂಬತ್ತು ಹನ್ನೆರಡಕ್ಕೆ ತೆಗೆದ ಫೋಟೊ ಅದಕ್ಕೆ ಸಾಕ್ಷಿ. ಆಮೇಲೆ ಪೈಪಿನ ಕೆಲಸಗಾರ ತನ್ನ ಅನುಕೂಲಕ್ಕಾಗಿ ಯಾರಿಗೂ ತಿಳಿಸದೆ ಹಲಗೆ ತೆಗೆದ. ಅವನ ನಿರ್ಲಕ್ಷ್ಯದಿಂದ ಜೊತೆಗಾರ ಸತ್ತ. ಸ್ಥಳದಲ್ಲಿದ್ದ ಎಂಜಿನಿಯರ್ ಹೀಗೆಂದು ಹೇಳಿಕೆ ಕೊಟ್ಟಿದ್ದಾರೆ.

"ಎದ್ದು ಓಡಾಡೋ ಹಂಗಾದ ಮೇಲೆ ಠಾಣೆಗೆ ಬರ್ಬೇಕಾಗತ್ತೆ. ಬೇಕಂತ ಕೊಂದಿಲ್ಲ, ಸರಿ. ಆದ್ರೂ ಜೈಲು ಜೈಲೇ" ಎಂದ ಪೊಲೀಸು.

ಗಂಡ ಅವನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ನೀನು ತೆಗೆದ ಫೋಟೊ ಅಂತೆ" ಎಂದ.

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅವರೆಲ್ಲ ಇದ್ದದ್ದು ತಗಡಿನ ಸಾಲುಮನೆಗಳಲ್ಲಿ. ಅವಳ ಮನೆಗೂ ಉದ್ದಣ್ಣನ ಮನೆಗೂ ನಡುವೆ ಒಂದೇ ತಗಡು. ಈಚೆ ಕೆಮ್ಮಿದರೆ ಆಚೆ ನೀರು ಕೊಡುವಷ್ಟು ಹತ್ತಿರ. ಉದ್ದಣ್ಣನ ತಾಯಿಗೆ ಇದ್ದವನು ಅವನೊಬ್ಬನೇ. ಮುದುಕಿ ನಲ್ಲಿಯ ಹತ್ತಿರ ಅವಳನ್ನು ನೋಡಿ, ಅರ್ಧ ತುಂಬಿದ ಕೊಡವನ್ನು ಚೆಲ್ಲಿ ಹೊರಟಳು.

"ಅಜ್ಜಿ, ಹಲಗೆ ಅವನು ತೆಗೀಲಿಲ್ಲ."

"ಫೋಟೊ ಇದ್ಯಂತಲ್ಲ. ನೀನೇ ತೆಗೆದಿದ್ದಂತಲ್ಲ. ಇಡೀ ಬೀದಿ ಹೇಳ್ತಾ ಇದೆ. ಫೋಟೊದಲ್ಲಿ ಹಲಗೆ ಇತ್ತು. ನನ್ನ ಮಗ ಹೋದಾಗ ಇರ್ಲಿಲ್ಲ. ನಡುವೆ ತೆಗೆದೋರು ಯಾರು, ದೆವ್ವವಾ?"

"ದಿನಾ ತೆಗೀತಿದ್ವಿ ಅಜ್ಜಿ. ಎಲ್ಲಾ ಗುಂಡೀಲೂ. ನಿಮ್ಮ ಮಗನೂ ಹೊತ್ತಿದಾನೆ."

"ಸತ್ತೋನ ತಲೆಗೆ ಕಟ್ಟು. ಅವನೇನು ಎದ್ದು ಬಂದು ಇಲ್ಲ ಅಂತಾನಾ?" ಎಂದಳು ಮುದುಕಿ. "ನಿನ್ನ ಗಂಡ ಮಂಚದ ಮೇಲಾದ್ರೂ ಇದಾನೆ. ನನ್ನ ಮಗ ಎಲ್ಲಿದಾನೆ?"

ಆ ರಾತ್ರಿ ತಗಡಿನ ಆಚೆಯಿಂದ ಒಂದು ಶಬ್ದವೂ ಬರಲಿಲ್ಲ. ಅಳುವಿನ ಶಬ್ದವೂ.

ಅವಳು ಎಂಜಿನಿಯರನ್ನು ಹುಡುಕಿಕೊಂಡು ಹೋದಳು. ಬೀದಿಯ ತುದಿಯಲ್ಲಿ ಕಬ್ಬಿಣದ ಡಬ್ಬದಂಥ ಕಚೇರಿ. ಒಳಗೆ ಫ್ಯಾನು, ನಕ್ಷೆ, ಒಂದೇ ಕುರ್ಚಿ. ಅವನು ಎದ್ದು ನಿಂತ. ಅಕ್ಕ ಅನ್ನಲಿಲ್ಲ.

"ನೀವೇ ತಾನೆ ಸಾರ್ ಇಳೀರಿ ಅಂದಿದ್ದು? ಹಲಗೆ ಏಳರಲ್ಲಿತ್ತು, ನೀವು ನೋಡಿದ್ರಿ."

"ನನ್ನ ಕೈಲೇನಿದೆ ಹೇಳಿ? ಮೇಲಿನೋರು ಬರ್ದು ಕೊಟ್ರು. ನಾನು ಸೈನ್ ಹಾಕ್ದೆ."

"ಹೊಸ ಹಲಗೆ ಕೇಳಿದೀನಿ ಅಂದಿದ್ರಲ್ಲ?"

ಅವನು ನಕ್ಷೆಯ ಕಡೆ ತಿರುಗಿದ. ಕೇಳಿರಲಿಲ್ಲ ಎಂದು ಅವಳಿಗೆ ಆಗಲೇ ತಿಳಿದದ್ದು. ಒಂದು ಸಲವೂ ಕೇಳಿರಲಿಲ್ಲ.

"ನೋಡಿ, ನಾಳೆ ತನಿಖೆಗೆ ಇಲಾಖೆ ಅಧಿಕಾರಿ ಬರ್ತಾರೆ" ಎಂದ ಅವನು, ಬೆನ್ನು ತೋರಿಸಿಕೊಂಡೇ. "ದಿನಾ ಹೆಂಗೆ ಫೋಟೊ ತೆಗೀತೀರೋ ಹಂಗೇ ಒಂದು ತೆಗೆದು ತೋರಿಸಿ. ಒಂದನೇ ಗುಂಡೀಲಿ. ಹಲಗೆ ಬಿಗಿದು ಇಟ್ಟಿರ್ತಾರೆ. ಅಷ್ಟೇ. ಆಮೇಲೆ ನಿಮ್ಮ ಯಜಮಾನರದ್ದು ಕಂಪನಿ ನೋಡ್ಕೊಳತ್ತೆ. ಸಣ್ಣ ಶಿಕ್ಷೆ ಆಗೋ ಹಂಗೆ ಮಾಡ್ತಾರೆ."

"ಫೋಟೊ ಸುಳ್ಳು ಅಂತ ಹೇಳಿದ್ರೆ?"

ಈಗ ಅವನು ತಿರುಗಿದ.

"ಸುಳ್ಳು ಫೋಟೊ ತೆಗೆದೋರು ಯಾರು ಅಂತ ಕೇಳ್ತಾರೆ. ಆ ಫೋನು ಯಾರ ಮುಖಕ್ಕೆ ತೆರ್ಕೊಳತ್ತೆ? ನನ್ನ ಮುಖಕ್ಕಲ್ಲ. ಯೋಚ್ನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಕಂಪನಿ ಮನುಷ್ಯರು ಎಂದರೆ ಏನೆಂದು ಅವಳಿಗೆ ಅರ್ಥವಾಯಿತು. ಬಲಿಗೆ ಮುಂಚೆ ಮೈ ತೊಳೆಸುತ್ತಾರಲ್ಲ, ಹಾಗೆ ಮುಖ ತೊಳೆಸಿದ್ದರು. ಅವನು ಗುಂಡಿಗಿಳಿಯದೆ ಉಳಿದದ್ದು ವಾಸನೆಗಲ್ಲ. ಇಳಿದವರ ಮುಖ ಫೋನಿನಲ್ಲಿರುತ್ತದೆ. ದಂಡೆಯಲ್ಲಿ ನಿಂತವರದು ಎಲ್ಲೂ ಇರುವುದಿಲ್ಲ.

ಅವಳು ಆಸ್ಪತ್ರೆಗೆ ಹೋಗಿ ಗಂಡನಿಗೆ ಹೇಳಿದಳು.

"ನಾನು ಒಳಗೆ ಹೋದ್ರೆ ನೀನಾದ್ರೂ ಹೊರಗಿರ್ತೀಯ" ಎಂದ.

"ಹೊರಗಿದ್ದು ಏನ್ ಮಾಡ್ಲಿ? ದಿನಾ ನಲ್ಲೀಲಿ ಆ ಮುದುಕಿ ಮುಖ ನೋಡ್ಲಾ? ಅವಳ ಮಗನ್ನ ಕೊಂದೋನ ಹೆಂಡ್ತಿ ಅಂತ ಬದುಕ್ಲಾ?"

"ನಿನ್ನ ಹೆಸರು ಬರತ್ತೆ ಕಣೇ."

"ಬರ್ಲಿ. ಅವನು ನಿನ್ನ ಕಾಲ ಕೆಳಗೆ ಸತ್ತ. ನಿನ್ನ ಕೈಯಿಂದ ಸಾಯ್ಲಿಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು. ಅವಳಿಗೂ ಗೊತ್ತಾಗ್ಬೇಕು."

ಇಲಾಖೆಯ ಅಧಿಕಾರಿ ನಡುವಯಸ್ಸಿನವನು. ಬಿಳಿ ಹೆಲ್ಮೆಟ್ಟು, ಹೊಳೆಯುವ ಬೂಟು. ಮುಗಿಸಿ ಹೊರಡುವ ಆತುರ ಮುಖದಲ್ಲೇ ಇತ್ತು. ಒಂದನೇ ಗುಂಡಿಯಲ್ಲಿ ಹಲಗೆ ನಿಂತಿತ್ತು, ಜಾಕಿ ನಿಜವಾಗಿಯೂ ಬಿಗಿದಿತ್ತು. ಮೇಸ್ತ್ರಿ ಬೆಳಿಗ್ಗೆಯೇ ಆಳುಗಳಿಗೆ ಹೇಳಿದ್ದ: ಕೈ ಕಟ್ಟಿ ಪಕ್ಕಕ್ಕೆ ನಿಲ್ಲಿ, ಕೇಳಿದರೆ ಮಾತ್ರ ಮಾತು. ಬೀದಿಯ ಜನ ಗೇಟುಗಳ ಹಿಂದೆ ನಿಂತಿದ್ದರು. ಉದ್ದಣ್ಣನ ತಾಯಿ ರಾಶಿ ಹಾಕಿದ ಪೈಪುಗಳ ಹತ್ತಿರ ಕುಳಿತಿದ್ದಳು. ಅವಳನ್ನು ಕರೆದವರಿಲ್ಲ, ಎಬ್ಬಿಸುವ ಧೈರ್ಯವೂ ಯಾರಿಗೂ ಇರಲಿಲ್ಲ.

"ದಿನಾ ಹೇಗೋ ಹಾಗೇ ಮಾಡಮ್ಮ" ಎಂದ ಅಧಿಕಾರಿ.

"ದಿನಾ ಹೇಗೋ ಹಾಗೇನಾ ಸಾರ್?"

"ಹೂಂ. ಹಾಗೇ."

ಅವಳು ಮುಖ ತೊಳೆದಳು. ಏಣಿ ಇಳಿದಳು. ಕ್ಲಿಕ್ ಮಾಡಿದಳು. ಮೇಲೆ ಬಂದಳು. ಎಂಜಿನಿಯರ್ ಉಸಿರು ಬಿಟ್ಟ. ಅಧಿಕಾರಿ ಪೆನ್ನು ತೆಗೆದ.

ಅವಳು ಬೀದಿಯ ಆ ತುದಿಗೂ ಕೇಳುವಂತೆ ಕೂಗಿದಳು:

"ಆಯ್ತು, ಎತ್ತಿ!"

ನಾಲ್ಕೂ ಆಳು ಗುಂಡಿಗೆ ಬಗ್ಗಿದರು. ಯಾರೂ ಯೋಚಿಸಲಿಲ್ಲ. ತಿಂಗಳುಗಟ್ಟಲೆ ಆ ಕೂಗಿಗೆ ಏಳುತ್ತಿದ್ದ ಕೈಗಳು ಅವತ್ತೂ ಎದ್ದವು. ಒಬ್ಬ ಜಾಕಿ ಸಡಿಲಿಸಿದ, ಮಿಕ್ಕವರು ಹಲಗೆ ಎಳೆದರು, ಹೆಗಲಿಗೇರಿಸಿದರು, ಎರಡನೇ ಗುಂಡಿಯತ್ತ ಓಡಿದರು.

"ಏಯ್, ನಿಲ್ಸ್ರೋ! ಬುದ್ಧಿಗೆಟ್ಟೋರಾ, ನಿಲ್ಸ್ರೋ!" ಮೇಸ್ತ್ರಿ ಬಡಿದುಕೊಂಡ.

ಅವರು ನಿಂತರು. ಹಲಗೆ ಹೆಗಲ ಮೇಲೇ ಇತ್ತು. ತಾವು ಮಾಡಿದ್ದೇನೆಂದು ಆಗ ಗೊತ್ತಾಯಿತು. ಮುಂದಿನವನು ತಿರುಗಿ ಅವಳನ್ನು ನೋಡಿದ. ಅವಳು ಆಗಲೇ ಎರಡನೇ ಗುಂಡಿಯ ಏಣಿಯ ಮೇಲಿದ್ದಳು.

ಫೋನು ಟಿಂಗ್ ಎಂದಿತು. ಒಂದನೇ ಗುಂಡಿಗೆ ಹಸಿರು.

"ಇಳಿಸೋ ಹಲಗೆ" ಎಂದಳು.

ಮುಂದಿನವನು ಮೇಸ್ತ್ರಿಯನ್ನು ನೋಡಿದ. ಪೈಪಿನ ಹತ್ತಿರ ಕುಳಿತ ಮುದುಕಿಯನ್ನು ನೋಡಿದ. ಹಲಗೆ ಇಳಿಸಿದ. ಅವಳು ಕ್ಲಿಕ್ ಮಾಡಿದಳು.

"ಆಯ್ತು, ಎತ್ತಿ!"

ಈ ಸಲ ಅಭ್ಯಾಸವಲ್ಲ. ಮೇಸ್ತ್ರಿ ಒಬ್ಬನ ಅಂಗಿ ಹಿಡಿದ. ಅಂಗಿ ಹರಿಯಿತು. ಹಲಗೆ ನಿಲ್ಲಲಿಲ್ಲ. ಟಿಂಗ್. ಎರಡನೆಯದಕ್ಕೆ ಹಸಿರು. ಮೂರನೇ ಗುಂಡಿ. ಹಲಗೆ ಹೊತ್ತ ಕಾಲುಗಳ ಸದ್ದು, ಅವಳ ಕೂಗು, ದೂರದ ಕಚೇರಿಯಲ್ಲಿ ಕುಳಿತವರು ಏನೂ ತಿಳಿಯದೆ ಒತ್ತುತ್ತಿದ್ದ ಹಸಿರು, ಇಷ್ಟೇ ಇದ್ದವು.

ಮೂರನೆಯದರಿಂದ ಮೇಲೆ ಬಂದು ಅವಳು ಫೋನನ್ನು ಅಧಿಕಾರಿಯ ಮುಂದೆ ಹಿಡಿದಳು.

"ಮೂರು ಗುಂಡಿ, ಮೂರು ಫೋಟೊ, ಮೂರೂ ಹಸಿರು. ಹಲಗೆ ಎಲ್ಲಿದೆ ನೋಡಿ ಸಾರ್. ದಿನಾ ಹಿಂಗೇ. ಅವತ್ತೂ ಹಿಂಗೇ, ಹಸಿರು ಬಂದ್ಮೇಲೆ ಬೇಗ ಇಳೀರಿ ಅಂದೋರು ಈ ಎಂಜಿನಿಯರೇ."

ಅಧಿಕಾರಿ ಒಂದನೇ ಗುಂಡಿಯ ತನಕ ನಡೆದುಹೋಗಿ ಬಗ್ಗಿ ನೋಡಿದ. ಬರೀ ಮಣ್ಣು. ವಾಪಸು ಬಂದು ಎಂಜಿನಿಯರನ್ನು ಕೇಳಿದ:

"ಇದು ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್" ಎಂದ ಎಂಜಿನಿಯರ್. "ಇವರು ಹೀಗೆ ಮಾಡ್ತಿದ್ರು ಅಂತ ನನಗೆ ಈಗಲೇ ಗೊತ್ತಾಗಿದ್ದು. ಫೋನು ಈಕೆ ಹತ್ರಾನೇ ಇರ್ತಿತ್ತು."

ಅಲ್ಲಿದ್ದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವಳಿಗಾಯಿತು. ಇಷ್ಟಾದ ಮೇಲೂ, ಎಲ್ಲರ ಮುಂದೆ, ಕಣ್ಣಲ್ಲಿ ಕಣ್ಣಿಟ್ಟು ಆ ಮಾತು ಬರಲಾರದು ಎಂದು ಅವಳ ಒಳಗಿನ ಒಂದು ಮೂಲೆ ನಂಬಿಕೊಂಡೇ ಇತ್ತು. ತನ್ನ ಕೈ ಹಿಡಿದು ಅತ್ತಿದ್ದ ಹುಡುಗನ ಮುಖವನ್ನು ಅವಳು ಅಲ್ಲಿ ಹುಡುಕಿದಳು. ಸಿಗಲಿಲ್ಲ.

"ಥೂ" ಎಂದಳು. ಫೋನನ್ನು ಅವನ ಕಾಲಡಿ ಇಟ್ಟಳು. ಎಸೆಯಲಿಲ್ಲ. "ನಿನ್ನ ಕೆಲಸ ನೀನೇ ಮಾಡ್ಕೊ. ಇಳಿದು ತೆಗಿ. ನಾಳೆಯಿಂದ ನನ್ನ ಮುಖಕ್ಕೆ ಇದು ತೆರ್ಕೊಳಲ್ಲ."

ನಾಲ್ವರೂ ಹಲಗೆಯನ್ನು ಬೀದಿಯ ನಡುವೆ ಇಳಿಸಿ ಅದರ ಮೇಲೇ ಕುಳಿತರು. ಆ ದಿನ ಯಾವ ಗುಂಡಿಗೂ ಯಾರೂ ಇಳಿಯಲಿಲ್ಲ.

ಅಧಿಕಾರಿ ಕಂಡದ್ದನ್ನು ಬರೆದ. ವಾರದೊಳಗೆ ದೂರು ಬದಲಾಯಿತು. ಹಲಗೆ ತೆಗೆದ ಆರೋಪದಿಂದ ಗಂಡನ ಹೆಸರು ಬಿಟ್ಟುಹೋಯಿತು. ಸುಳ್ಳು ಫೋಟೊಗಳಿಂದ ಕಂಪನಿಯನ್ನು ನಂಬಿಸಿ ಒಂದು ಸಾವಿಗೆ ಕಾರಣಳಾದಳು ಎಂದು ಅವಳ ಹೆಸರು ಸೇರಿತು. ಬೇರೆ ಹೆಸರಿರಲಿಲ್ಲ. ಎಂಜಿನಿಯರ್ ಸಾಕ್ಷಿಯ ಪಟ್ಟಿಯಲ್ಲಿದ್ದ.

ಅವಳನ್ನು ಕರೆದೊಯ್ಯಲು ಜೀಪು ಬೆಳಿಗ್ಗೆ ಬಂತು. ಅವಳು ಬಾಗಿಲಿಗೆ ಚಿಲಕ ಹಾಕಿ ಹತ್ತಿ ಕುಳಿತಳು. ಪಕ್ಕದ ಮನೆಯಿಂದ ಉದ್ದಣ್ಣನ ತಾಯಿ ಬಂದು ಅವಳ ಪಕ್ಕದಲ್ಲಿ ಕುಳಿತಳು.

"ನೀನ್ಯಾಕಜ್ಜಿ? ಇಳಿ" ಎಂದ ಪೊಲೀಸು.

"ಸತ್ತೋನು ನನ್ನ ಮಗ. ಇಳೀರಿ ಅಂದೋನು ಯಾರು ಅಂತ ನಾನು ಹೇಳ್ಬೇಕು. ಅದನ್ನ ಬರ್ಕೊಳೋ ತನಕ ವಾಪಸ್ ಬರಲ್ಲ."

ಎರಡು ಸಲ ಹೇಳಿದರು. ಮುದುಕಿ ಇಳಿಯಲಿಲ್ಲ. ಜೀಪು ಇಬ್ಬರನ್ನೂ ಕೂರಿಸಿಕೊಂಡೇ ಹೊರಟಿತು.